ಚಿತ್ರಕಾರ ಕ್ಲೋದ್ ಮೊನೆ ಮತ್ತು ಅವರ ತೋಟ: ಗಂಗಾವತಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿಯಲ್ಲಿ ಚಿತ್ರಕಲೆ ಕಲಿಸುವ ನಾನು, ಭತ್ತದ ಕಟಾವು ಮುಗಿದ ದಿನಗಳಲ್ಲಿ ವಿದ್ಯಾರ್ಥಿಗಳನ್ನು ಆನೆಗೊಂದಿ ರಸ್ತೆಯ ಗದ್ದೆಗಳಿಗೆ ಕರೆದೊಯ್ದು ಒಂದೇ ಬಣವೆಯನ್ನು ಬೆಳಿಗ್ಗೆ ಒಮ್ಮೆ, ಇಳಿಹೊತ್ತಿನಲ್ಲಿ ಇನ್ನೊಮ್ಮೆ ಬರೆಸುವುದುಂಟು. ಈ ಅಭ್ಯಾಸವನ್ನು ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆ ಅವರಿಂದ ಎರವಲು ಪಡೆದಿದ್ದೇನೆ ಎಂದು ಹೇಳಿದ ಕೂಡಲೇ ಪ್ರಶ್ನೆಗಳು ಶುರುವಾಗುತ್ತವೆ. ವಿದ್ಯಾರ್ಥಿಗಳು, ಅವರ ತಂದೆತಾಯಿಯರು, ಗದ್ದೆಯ ಮಾಲೀಕರು ವರ್ಷವೂ ಕೇಳುವ ಪ್ರಶ್ನೆಗಳನ್ನೂ ಅವಕ್ಕೆ ನಾನು ಕೊಡುತ್ತ ಬಂದಿರುವ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಮೊನೆಯವರ ಮೂಲಕೃತಿಗಳನ್ನು ನಾನು ಕಣ್ಣಾರೆ ಕಂಡಿಲ್ಲ, ಪುಸ್ತಕದ ಮುದ್ರಣಗಳಲ್ಲಿ ಮಾತ್ರ ಕಂಡಿದ್ದೇನೆ. ಈ ಮಿತಿಯನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಕ್ಲೋದ್ ಮೊನೆ ಯಾರು?

ಮೊನೆ (1840–1926) ಫ್ರಾನ್ಸಿನಲ್ಲಿ ಇಂಪ್ರೆಷನಿಸಂ ಎಂಬ ಚಿತ್ರಪಂಥವನ್ನು ಕಟ್ಟಿದವರಲ್ಲಿ ಮುಖ್ಯರು. ಅವರು ಬರೆದದ್ದರಲ್ಲಿ ಬಹುಪಾಲು ನಿಸರ್ಗದೃಶ್ಯಗಳೇ: ಸಮುದ್ರ, ನದಿ, ಹೊಲ, ಹಿಮ ಬಿದ್ದ ರಸ್ತೆ, ಮಂಜು ಕವಿದ ಸೇತುವೆ. ಬದುಕಿನ ಕೊನೆಯ ಮೂರು ದಶಕಗಳಲ್ಲಿ ತಾವೇ ನೆಟ್ಟು ಬೆಳೆಸಿದ ತೋಟ ಮತ್ತು ತಾವೇ ತೋಡಿಸಿದ ಕೊಳ ಅವರ ಪ್ರಧಾನ ವಸ್ತುವಾದವು. ಚಿತ್ರಕಾರರು ಸಾಮಾನ್ಯವಾಗಿ ಚೆಂದದ ಜಾಗವನ್ನು ಹುಡುಕಿಕೊಂಡು ಹೋಗುತ್ತಾರೆ. ಇವರಾದರೋ ತಾವು ಬರೆಯಬೇಕೆಂದಿದ್ದ ದೃಶ್ಯವನ್ನು ಮೊದಲು ಮಣ್ಣಿನಲ್ಲಿ ಸಿದ್ಧಪಡಿಸಿ, ಗಿಡಗಳು ಬೆಳೆಯುವವರೆಗೆ ವರ್ಷಗಟ್ಟಲೆ ಕಾದು, ಆಮೇಲೆ ಕುಂಚ ಹಿಡಿದವರು. ಒಕ್ಕಲುತನದ ಊರಿನವರಾದ ನಮಗೆ ಅವರು ಹತ್ತಿರದವರೆನಿಸುವುದು ಈ ಕಾರಣಕ್ಕೆ ಎಂದು ನನಗೆ ತೋರುತ್ತದೆ.

ಮೊನೆ, ಮಾನೆ ಇಬ್ಬರೂ ಒಬ್ಬರೇ?

ಅಲ್ಲ. ಎದುವಾರ್ ಮಾನೆ (1832–1883) ಬೇರೆ ಚಿತ್ರಕಾರರು, ಮೊನೆಗಿಂತ ಎಂಟು ವರ್ಷ ಹಿರಿಯರು. ಈ ಗೊಂದಲ ಪ್ಯಾರಿಸ್ಸಿನವರನ್ನೂ ಬಿಟ್ಟಿರಲಿಲ್ಲ. 1865ರಲ್ಲಿ ಸಲೋನ್ ಎಂಬ ಅಧಿಕೃತ ವಾರ್ಷಿಕ ಪ್ರದರ್ಶನದಲ್ಲಿ ಮೊನೆಯವರ ಸಮುದ್ರಚಿತ್ರಗಳನ್ನು ಮೆಚ್ಚಿದ ಕೆಲವರು ಮಾನೆಯವರನ್ನು ಅಭಿನಂದಿಸಿ ಅವರಿಗೆ ಸಿಟ್ಟು ಬರಿಸಿದ್ದರು. ಕನ್ನಡದ ಮಕ್ಕಳಿಗೆ ನಾನು ಹೇಳಿಕೊಡುವ ಗುರುತು ಇದು: ಒಬ್ಬರು ಸೂಜಿಯ ಮೊನೆ, ಇನ್ನೊಬ್ಬರು ನಾವು ವಾಸಿಸುವ ಮನೆಗೆ ದೀರ್ಘ ಸೇರಿಸಿದ ಮಾನೆ.

ಅವರು ಚಿತ್ರಕಾರರಾದದ್ದು ಹೇಗೆ?

ಹುಟ್ಟಿದ್ದು 1840ರ ನವೆಂಬರ್ 14ರಂದು ಪ್ಯಾರಿಸ್ಸಿನಲ್ಲಿ. ಬೆಳೆದದ್ದು ಲೆ ಆವ್ರ್ ಎಂಬ ಬಂದರು ಊರಿನಲ್ಲಿ. ಹದಿಹರೆಯದಲ್ಲಿ ಊರಿನ ಜನರ ವ್ಯಂಗ್ಯಚಿತ್ರಗಳನ್ನು ಬರೆದು ಮಾರಿ ಕೈಖರ್ಚಿಗೆ ಹಣ ಮಾಡಿಕೊಳ್ಳುತ್ತಿದ್ದರು. ಅದೇ ಊರಿನಲ್ಲಿದ್ದ ಯೂಜೀನ್ ಬೂದಾಂ ಎಂಬ ಹಿರಿಯ ಚಿತ್ರಕಾರರು ಈ ಹುಡುಗನನ್ನು ಕಡಲತೀರಕ್ಕೆ ಕರೆದುಕೊಂಡು ಹೋಗಿ, ಆಕಾಶವನ್ನು ಆಕಾಶದ ಕೆಳಗೇ ನಿಂತು ಬರೆಯುವುದನ್ನು ಕಲಿಸಿದರು. ತಮ್ಮ ಕಣ್ಣು ತೆರೆಸಿದವರು ಬೂದಾಂ ಎಂದು ಮೊನೆ ಕೊನೆಯವರೆಗೂ ನೆನೆಯುತ್ತಿದ್ದರು. 1861ರಲ್ಲಿ ಸೈನ್ಯ ಸೇರಿ ಅಲ್ಜೀರಿಯಾಕ್ಕೆ ಹೋದ ಅವರು ವಿಷಮಶೀತ ಜ್ವರಕ್ಕೆ ತುತ್ತಾಗಿ ಮರುವರ್ಷ ಮರಳಿದರು; ಉಳಿದ ಸೇವಾವಧಿಯಿಂದ ಬಿಡುಗಡೆಗಾಗಿ ಅತ್ತೆಯೊಬ್ಬರು ಹಣ ಕಟ್ಟಿದರು. ಆಮೇಲೆ ಪ್ಯಾರಿಸ್ಸಿನ ಗ್ಲೇರ್ ಅವರ ಚಿತ್ರಶಾಲೆಯಲ್ಲಿ ರೆನ್ವಾ, ಸಿಸ್ಲೆ, ಬಾಜೀಲ್ ಎಂಬ ಓರಗೆಯವರ ಸ್ನೇಹವಾಯಿತು. ಆ ಶಾಲೆಯ ಪಾಠಕ್ಕಿಂತ ಈ ಸ್ನೇಹವೇ ಅವರನ್ನು ಹೆಚ್ಚು ಬೆಳೆಸಿತು.

ಇಂಪ್ರೆಷನಿಸಂ ಎಂಬ ಹೆಸರು ಎಲ್ಲಿಂದ ಬಂತು?

ಹಂಗಿಸಲು ಇಟ್ಟ ಹೆಸರು ಅದು. ಸಲೋನಿನ ತೀರ್ಪುಗಾರರಿಂದ ಪದೇ ಪದೇ ತಿರಸ್ಕೃತರಾಗಿದ್ದ ಚಿತ್ರಕಾರರು 1874ರ ಏಪ್ರಿಲ್‌ನಲ್ಲಿ ನಾದಾರ್ ಎಂಬ ಛಾಯಾಚಿತ್ರಕಾರರ ಹಳೆಯ ಸ್ಟುಡಿಯೋದಲ್ಲಿ ತಮ್ಮದೇ ಪ್ರದರ್ಶನ ನಡೆಸಿದರು. ಅಲ್ಲಿ ಮೊನೆ ಇಟ್ಟಿದ್ದ ಚಿತ್ರಗಳಲ್ಲಿ ಲೆ ಆವ್ರ್ ಬಂದರಿನ ಮುಂಜಾವಿನ ದೃಶ್ಯವೊಂದಿತ್ತು: ಬೂದು ನೀಲಿ ಮಂಜಿನಲ್ಲಿ ಕಿತ್ತಳೆ ಬಣ್ಣದ ಸಣ್ಣ ಸೂರ್ಯ, ನೀರಿನ ಮೇಲೆ ಅದರ ನಾಲ್ಕಾರು ಗೀಟು. ಅದಕ್ಕೆ ಅವರು ಕೊಟ್ಟ ಹೆಸರಿನಲ್ಲಿ ‘ಇಂಪ್ರೆಷನ್’, ಅಂದರೆ ಮನಸ್ಸಿನ ಮೇಲೆ ಮೂಡಿದ ಅಚ್ಚು, ಎಂಬ ಪದವಿತ್ತು. ಲೂಯಿ ಲೆರ್ವಾ ಎಂಬ ಪತ್ರಕರ್ತರು ಆ ಪದವನ್ನೇ ಹಿಡಿದು ಇಡೀ ಗುಂಪನ್ನು ಗೇಲಿ ಮಾಡಿ ಬರೆದರು. ಗೇಲಿಯ ಹೆಸರೇ ಮುಂದೆ ಪಂಥದ ಹೆಸರಾಗಿ ನಿಂತಿತು. ಆ ಚಿತ್ರ ಈಗ ಪ್ಯಾರಿಸ್ಸಿನ ಮಾರ್ಮೊತಾಂ ಸಂಗ್ರಹಾಲಯದಲ್ಲಿದೆ. 1985ರಲ್ಲಿ ಕಳುವಾಗಿ 1990ರಲ್ಲಿ ಮರಳಿ ಸಿಕ್ಕಿತು.

ಹೊರಗೆ ನಿಂತು ಬರೆಯುವುದರಲ್ಲಿ ಅಂಥ ವಿಶೇಷವೇನು?

ನಮ್ಮ ಮಕ್ಕಳು ಡ್ರಾಯಿಂಗ್ ಶೀಟು ಹಿಡಿದುಕೊಂಡು ಗದ್ದೆಗೆ ಬರುವುದು ಇಂದು ಸಾಮಾನ್ಯವಾಗಿ ಕಾಣುತ್ತದೆ. ಮೊನೆಯವರ ಹಿಂದಿನ ತಲೆಮಾರಿನವರು ಹೊರಗೆ ಕುಳಿತು ಸಣ್ಣ ಕರಡು ಮಾಡಿಕೊಂಡು, ದೊಡ್ಡ ಚಿತ್ರವನ್ನು ಒಳಗೆ ಕೋಣೆಯ ಬೆಳಕಿನಲ್ಲಿ ಬರೆಯುತ್ತಿದ್ದರು. ಎಣ್ಣೆ ಬಣ್ಣವನ್ನು ಅರೆದು ಹಂದಿಯ ಮೂತ್ರಕೋಶದ ಚೀಲಗಳಲ್ಲಿ ತುಂಬಿಡಬೇಕಾಗಿದ್ದ ಕಾಲದಲ್ಲಿ ಬಣ್ಣವನ್ನು ಹೊತ್ತು ತಿರುಗುವುದೇ ಕಷ್ಟವಾಗಿತ್ತು. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರರು ಮಡಚಬಹುದಾದ ತವರದ ಟ್ಯೂಬಿಗೆ ಪೇಟೆಂಟ್ ಪಡೆದ ಮೇಲೆ ಈ ತೊಡಕು ನೀಗಿತು. ಇಂದು ಪೇಟೆಯಲ್ಲಿ ನಾವು ಕೊಳ್ಳುವ ಬಣ್ಣದ ಟ್ಯೂಬು ಅದರದೇ ವಂಶದ್ದು.

ಮೊನೆಯವರ ಹಠ ಎಷ್ಟಿತ್ತೆಂಬುದಕ್ಕೆ ಒಂದು ಉದಾಹರಣೆ ಸಾಕು. 1866ರಲ್ಲಿ ತೋಟದಲ್ಲಿ ನಿಂತ ಹೆಂಗಸರ ಚಿತ್ರವೊಂದನ್ನು ಪೂರ್ತಿಯಾಗಿ ಬಯಲಿನಲ್ಲೇ ಬರೆಯಬೇಕೆಂದು ಹೊರಟರು. ಕ್ಯಾನ್ವಾಸಿನ ಎತ್ತರ ಎರಡೂವರೆ ಮೀಟರಿಗಿಂತ ಹೆಚ್ಚಿತ್ತು. ಏಣಿ ಹತ್ತಿ ಬರೆದರೆ ನೋಡುವ ಕೋನ ಬದಲಾಗುತ್ತದೆ ಎಂದು ನೆಲದಲ್ಲಿ ಕಂದಕ ತೋಡಿಸಿ, ರಾಟೆ ಕಟ್ಟಿ, ಮೇಲ್ಭಾಗವನ್ನು ಬರೆಯುವಾಗ ಕ್ಯಾನ್ವಾಸನ್ನು ಕಂದಕಕ್ಕೆ ಇಳಿಸಿಕೊಳ್ಳುತ್ತಿದ್ದರು. ಇಷ್ಟು ಮಾಡಿದ ಚಿತ್ರವನ್ನು ಮರುವರ್ಷ ಸಲೋನ್ ತಿರಸ್ಕರಿಸಿತು. 1885ರಲ್ಲಿ ಎತ್ರೆತಾ ಎಂಬ ಕಡಲತೀರದಲ್ಲಿ ಭರತದ ವೇಳೆಯನ್ನು ತಪ್ಪಾಗಿ ಲೆಕ್ಕ ಹಾಕಿ ಬಂಡೆಯ ಬುಡದಲ್ಲಿ ಬರೆಯುತ್ತ ಕುಳಿತಿದ್ದಾಗ ತೆರೆಯೊಂದು ಅವರನ್ನೂ ಅವರ ಸಾಮಾನನ್ನೂ ಎಳೆದುಕೊಂಡಿತು. ಜೀವ ಉಳಿಯಿತು, ಚಿತ್ರ ಉಳಿಯಲಿಲ್ಲ.

ಅವರು ಬರೆದ ಬಣವೆಗಳು ನಮ್ಮ ಬಣವೆಗಳಂಥವೇ?

ಇದು ಎಲ್ಲಕ್ಕಿಂತ ಹೆಚ್ಚು ಬಾರಿ ಬರುವ ಪ್ರಶ್ನೆ. ಮುದ್ರಣವನ್ನು ನೋಡಿದ ರೈತರೊಬ್ಬರು “ಇವು ನಮ್ಮ ಬಣವಿ ಇದ್ದಂಗ ಅದಾವಲ್ರೀ” ಎಂದಿದ್ದರು. ಆಕಾರದಲ್ಲಿ ಅವರ ಮಾತು ಸರಿ. ವಸ್ತುವಿನಲ್ಲಿ ಸ್ವಲ್ಪ ವ್ಯತ್ಯಾಸವಿದೆ. ನಾವು ಗಂಗಾವತಿಯಲ್ಲಿ ಒಟ್ಟುವುದು ಕಾಳು ಉದುರಿಸಿ ಉಳಿದ ನೆಲ್ಲುಹುಲ್ಲನ್ನು, ದನಗಳ ಮೇವಿಗಾಗಿ. ಮೊನೆ ಬರೆದದ್ದು ಇನ್ನೂ ರಾಶಿ ಮಾಡದ, ತೆನೆಸಮೇತ ಒಟ್ಟಿ ಮೇಲೆ ಹುಲ್ಲಿನ ಹೊದಿಕೆ ಹಾಕಿದ ಗೋಧಿಯ ಸಿವುಡುಗಳ ಮೆದೆಯನ್ನು. ಒಕ್ಕಣೆಯ ಯಂತ್ರ ಊರಿಂದ ಊರಿಗೆ ಸರದಿಯ ಮೇಲೆ ಬರುತ್ತಿದ್ದುದರಿಂದ ತಿಂಗಳುಗಟ್ಟಲೆ ಆ ಮೆದೆಗಳು ಹೊಲದಲ್ಲೇ ನಿಂತಿರುತ್ತಿದ್ದವು. ಎತ್ತರ ಹದಿನೈದರಿಂದ ಇಪ್ಪತ್ತು ಅಡಿ. ಅಂದರೆ ಅವು ಒಂದು ಮನೆತನದ ವರ್ಷದ ದುಡಿಮೆ. ಮಳೆಯಿಂದಲೂ ಇಲಿಯಿಂದಲೂ ಕಾಪಾಡಬೇಕಾಗಿದ್ದ ಆಸ್ತಿ. ಈ ಸಂಗತಿ ತಿಳಿದ ಮೇಲೆ ಹಿಮ ಬಿದ್ದ ಹೊಲದಲ್ಲಿ ಒಂಟಿಯಾಗಿ ನಿಂತ ಮೆದೆಯ ಚಿತ್ರವನ್ನು ನೋಡಿದರೆ, ಒಳಗಿರುವ ಕಾಳಿನ ಬೆಚ್ಚಗೂ ಹೊರಗಿನ ಚಳಿಯೂ ಒಟ್ಟಿಗೇ ತಾಗುತ್ತವೆ.

ಒಂದೇ ಬಣವೆಯನ್ನು ಅಷ್ಟು ಬಾರಿ ಬರೆದದ್ದು ಏಕೆ?

1890ರ ಬೇಸಿಗೆಯ ಕೊನೆಯಿಂದ ಮುಂದಿನ ಚಳಿಗಾಲದವರೆಗೆ, ತಮ್ಮ ಮನೆಯ ಹತ್ತಿರದ ಹೊಲದ ಮೆದೆಗಳನ್ನು ಅವರು ಸುಮಾರು 25 ಕ್ಯಾನ್ವಾಸುಗಳಲ್ಲಿ ಬರೆದರು. ಮೊದಲಿಗೆ ಬಿಸಿಲಿಗೊಂದು, ಮೋಡಕ್ಕೊಂದು, ಹೀಗೆ ಎರಡು ಕ್ಯಾನ್ವಾಸು ಸಾಕೆಂದುಕೊಂಡಿದ್ದರಂತೆ. ಬೆಳಕು ಬದಲಾದ ಹಾಗೆಲ್ಲ ಮಲಮಗಳನ್ನು ಮನೆಗೆ ಕಳಿಸಿ ಇನ್ನೊಂದು, ಮತ್ತೊಂದು ತರಿಸಿಕೊಂಡರು. ಆಮೇಲೆ ಅದೇ ಕ್ರಮವಾಯಿತು: ಒಂದು ಬೆಳಕು ಇರುವಷ್ಟು ಹೊತ್ತು ಒಂದು ಕ್ಯಾನ್ವಾಸು, ಬೆಳಕು ಹೋದರೆ ಅದನ್ನು ತೆಗೆದಿಟ್ಟು ಮುಂದಿನದು, ಮರುದಿನ ಅದೇ ಬೆಳಕು ಮರಳಿ ಬಂದಾಗ ಮೊದಲಿನದನ್ನು ಮುಂದುವರಿಸುವುದು. ಅವರು ವಾಸವಿದ್ದ ಗಿವರ್ನಿ ಹಳ್ಳಿಯಲ್ಲಿ ನೆರೆಯವರಾಗಿದ್ದ ಅಮೆರಿಕದ ಚಿತ್ರಕಾರ್ತಿ ಲಿಲ್ಲಾ ಕ್ಯಾಬಟ್ ಪೆರಿ ಅವರ ನೆನಪಿನ ಪ್ರಕಾರ, ಪಾಪ್ಲರ್ ಮರಗಳ ಒಂದು ಚಿತ್ರಕ್ಕೆ ಬೇಕಾಗಿದ್ದ ಬೆಳಕು ದಿನಕ್ಕೆ ಏಳೇ ನಿಮಿಷ ಇರುತ್ತಿತ್ತು.

ಆ ಪಾಪ್ಲರ್ ಮರಗಳ ಕಥೆಯೂ ಹೇಳಬೇಕಾದದ್ದೇ. 1891ರಲ್ಲಿ ನದಿದಂಡೆಯ ಆ ಸಾಲುಮರಗಳನ್ನು ಊರಿನವರು ಹರಾಜಿಗಿಟ್ಟರು. ಚಿತ್ರಗಳು ಇನ್ನೂ ಮುಗಿದಿರಲಿಲ್ಲ. ಮೊನೆ ಕಟ್ಟಿಗೆ ವ್ಯಾಪಾರಿಯೊಬ್ಬರ ಜೊತೆ ಒಪ್ಪಂದ ಮಾಡಿಕೊಂಡು, ತಮ್ಮ ಪಾಲಿನ ಹಣ ಕೊಟ್ಟು, ಚಿತ್ರ ಮುಗಿಯುವವರೆಗೆ ಕೊಡಲಿ ಬೀಳದಂತೆ ನೋಡಿಕೊಂಡರು. ಮರುವರ್ಷದಿಂದ ರುವಾಂ ಊರಿನ ಕೆಥೆಡ್ರಲ್ಲಿನ ಮುಂಭಾಗವನ್ನು ಮೂವತ್ತಕ್ಕೂ ಹೆಚ್ಚು ಬಾರಿ ಬರೆದರು. ಕಲ್ಲು ಒಂದೇ, ಬೆಳಿಗ್ಗೆ ಅದು ನೀಲಿ, ಮಧ್ಯಾಹ್ನ ಬೆಣ್ಣೆಯ ಬಣ್ಣ, ಸಂಜೆ ಕಿತ್ತಳೆ. ಅಂಜನಾದ್ರಿಯ ಸುತ್ತಲಿನ ಗ್ರಾನೈಟ್ ಬಂಡೆಗಳನ್ನು ದಿನವಿಡೀ ನೋಡಿದ ಯಾರಿಗೂ ಈ ಮಾತನ್ನು ವಿವರಿಸಬೇಕಾಗಿಲ್ಲ.

ಕಿನ್ನಾಳದ ಗೊಂಬೆಗಳನ್ನು ನೋಡುತ್ತ ಬೆಳೆದ ಮಕ್ಕಳಿಗೆ ನಾನು ಇದನ್ನು ಬೇರೆ ರೀತಿಯಲ್ಲಿ ತಿಳಿಸುತ್ತೇನೆ. ಕಿನ್ನಾಳದ ಚಿತ್ರಗಾರರ ಕೈಯಲ್ಲಿ ಬಣ್ಣ ವಸ್ತುವಿಗೆ ಸೇರಿದ್ದು: ಗಿಳಿ ಎಂದರೆ ಹಸಿರು, ಹಗಲಾಗಲಿ ಇರುಳಾಗಲಿ ಅದು ಹಸಿರೇ. ಮೊನೆಯವರ ಕೈಯಲ್ಲಿ ಬಣ್ಣ ಆ ಗಳಿಗೆಗೆ ಸೇರಿದ್ದು. ಎರಡೂ ದೊಡ್ಡ ಪರಂಪರೆಗಳೇ. ಒಂದನ್ನು ಇನ್ನೊಂದರ ಅಳತೆಗೋಲಿನಿಂದ ಅಳೆಯಬಾರದು.

ನೆರಳನ್ನು ನೇರಳೆ ಬಣ್ಣದಲ್ಲಿ ಏಕೆ ಬರೆಯುತ್ತಿದ್ದರು?

ನೆರಳಿನಲ್ಲಿ ಬೆಳಕೇ ಇಲ್ಲವೆಂದು ನಾವು ಭಾವಿಸುತ್ತೇವೆ. ಅಲ್ಲಿ ನೇರ ಬಿಸಿಲು ಬೀಳುವುದಿಲ್ಲ ಅಷ್ಟೆ; ಆಕಾಶದ ನೀಲಿ ಬೆಳಕು ಬೀಳುತ್ತಲೇ ಇರುತ್ತದೆ. ಪಕ್ಕದಲ್ಲಿ ಹಳದಿ ಬಿಸಿಲು ಇರುವಾಗ ಆ ನೀಲಿ ಇನ್ನಷ್ಟು ನೇರಳೆಯಾಗಿ ಕಾಣುತ್ತದೆ. ಹೀಗಾಗಿ ಪ್ರೌಢ ವಯಸ್ಸಿನಲ್ಲಿ ಮೊನೆ ಕಪ್ಪು ಬಣ್ಣವನ್ನು ಬಹುಮಟ್ಟಿಗೆ ಬಿಟ್ಟೇಬಿಟ್ಟರು. ಬಿಳಿ, ಕ್ಯಾಡ್ಮಿಯಂ ಹಳದಿ, ಇಂಗಳೀಕದ ಕೆಂಪು, ಮ್ಯಾಡರ್ ಕೆಂಪು, ಕೋಬಾಲ್ಟ್ ನೀಲಿ, ಪಚ್ಚೆ ಹಸಿರು, ಇಷ್ಟರಲ್ಲೇ ಅವರ ಕೆಲಸ ಹೆಚ್ಚುಕಡಿಮೆ ಮುಗಿಯುತ್ತಿತ್ತು. ಸಂಜೆ ಐದರ ಹೊತ್ತಿಗೆ ಸಾಣಾಪುರದ ಕೆರೆಯ ದಂಡೆಯಲ್ಲಿ ನಿಂತು ಬಂಡೆಯ ನೆರಳನ್ನು ನೋಡಿ, ಅದರ ಪಕ್ಕದಲ್ಲಿ ನಿಜವಾದ ಕಪ್ಪು ಕೊಡೆಯೊಂದನ್ನು ಬಿಚ್ಚಿಟ್ಟರೆ, ನೆರಳು ಕಪ್ಪಲ್ಲ ಎಂಬುದು ಯಾರಿಗಾದರೂ ಮನವರಿಕೆಯಾಗುತ್ತದೆ.

ಗಿವರ್ನಿಯ ತೋಟವನ್ನು ಅವರು ಹೇಗೆ ಕಟ್ಟಿದರು?

1883ರಲ್ಲಿ ಮೊನೆ ಪ್ಯಾರಿಸ್ಸಿನಿಂದ ಸುಮಾರು 75 ಕಿಲೋಮೀಟರ್ ದೂರದ ಗಿವರ್ನಿ ಎಂಬ ಹಳ್ಳಿಯಲ್ಲಿ ಮನೆಯೊಂದನ್ನು ಬಾಡಿಗೆಗೆ ಹಿಡಿದರು. ಆಗ ಅವರಿಗೆ ನಲವತ್ತೆರಡು ವರ್ಷ. ಕೈಯಲ್ಲಿ ಹಣವಿರಲಿಲ್ಲ, ಮನೆ ತುಂಬ ಮಕ್ಕಳಿದ್ದರು. ಮನೆಯ ಮುಂದೆ ಸುಮಾರು ಎರಡೂವರೆ ಎಕರೆಯಷ್ಟು ಜಾಗದಲ್ಲಿ ಹಣ್ಣಿನ ಮರಗಳೂ ಕಾಯಿಪಲ್ಲೆಯ ಮಡಿಗಳೂ ಇದ್ದವು. ಮೊದಲ ವರ್ಷಗಳಲ್ಲಿ ಅವರೂ ಮಕ್ಕಳೂ ಸೇರಿ ಅಗೆದು, ಬಿತ್ತಿ, ನೀರು ಹಾಕಿದರು. 1890ರಲ್ಲಿ ಮನೆಯನ್ನು ಕೊಂಡುಕೊಳ್ಳುವಷ್ಟು ಅನುಕೂಲವಾದ ಮೇಲೆ ಕೆಲಸಗಾರರನ್ನು ನೇಮಿಸಿಕೊಂಡರು. ಕಡೆಗೆ ತೋಟದವರ ಸಂಖ್ಯೆ ಆರಕ್ಕೇರಿತು.

ತೋಟವನ್ನು ಅವರು ಬಣ್ಣದ ಹಲಗೆಯಂತೆ ಯೋಚಿಸಿದ್ದರು. ಯಾವ ಹೂವಿನ ಪಕ್ಕ ಯಾವುದು, ಯಾವ ತಿಂಗಳಲ್ಲಿ ಯಾವುದು ಬಾಡಿದಾಗ ಯಾವುದು ಅರಳಬೇಕು, ಬೆಳಗಿನ ಬಿಸಿಲು ಬೀಳುವ ಕಡೆ ಯಾವ ಬಣ್ಣ, ಎಲ್ಲಕ್ಕೂ ಲೆಕ್ಕವಿತ್ತು. ನಡುದಾರಿಯ ಎರಡೂ ಕಡೆ ನೆಟ್ಟ ನಸ್ಟರ್ಷಿಯಂ ಬಳ್ಳಿಗಳು ಬೇಸಿಗೆಯ ಕೊನೆಗೆ ಹರಡಿ ದಾರಿಯನ್ನೇ ಮುಚ್ಚುತ್ತಿದ್ದವು. ಐರಿಸ್, ಟ್ಯುಲಿಪ್, ಕಬ್ಬಿಣದ ಕಮಾನುಗಳ ಮೇಲೆ ಹಬ್ಬಿಸಿದ ಗುಲಾಬಿ, ಇವುಗಳ ನಡುವೆ ಕಾಡುಹೂಗಳಿಗೂ ಜಾಗವಿತ್ತು. ಪ್ರವಾಸದಲ್ಲಿದ್ದಾಗಲೂ ಯಾವ ಬೀಜವನ್ನು ಎಂದು ಬಿತ್ತಬೇಕು ಎಂದು ಪತ್ರ ಬರೆದು ತಿಳಿಸುತ್ತಿದ್ದರು.

ನನಗೆ ವಿಶೇಷವಾಗಿ ಹಿಡಿಸುವ ಸಂಗತಿ ಧೂಳಿನದು. ಕೊಳದ ಪಕ್ಕದ ಮಣ್ಣಿನ ರಸ್ತೆಯಲ್ಲಿ ಮೋಟಾರು ಓಡಾಡಿದಾಗ ಎದ್ದ ಧೂಳು ನೈದಿಲೆಯ ಎಲೆಗಳ ಮೇಲೆ ಕೂರುತ್ತಿತ್ತು. ಮೊನೆ ರಸ್ತೆಗೆ ಡಾಂಬರು ಹಾಕಿಸುವ ವೆಚ್ಚವನ್ನು ಭರಿಸಿದರು. ಎಲೆಗಳನ್ನು ತೊಳೆದು ಕೊಳವನ್ನು ಚೊಕ್ಕಟವಾಗಿಡಲು ದೋಣಿಯಲ್ಲಿ ಹೋಗುವ ಕೆಲಸಗಾರನೊಬ್ಬನನ್ನು ಇಟ್ಟಿದ್ದರು. ಅದಿರಿನ ಲಾರಿಗಳು ಓಡಾಡುವ ಸಂಡೂರು, ಹೊಸಪೇಟೆ ಕಡೆಯ ರಸ್ತೆಬದಿಯಲ್ಲಿ ಬೇವಿನ ಎಲೆಯೂ ಕೆಂಪಾಗಿ ನಿಂತಿರುವುದನ್ನು ಕಂಡವರಿಗೆ ಇದು ಶ್ರೀಮಂತರ ಶೋಕಿಯೆಂದು ತೋರಲಾರದು. ಎಲೆಯ ಮೇಲಿನ ಹೊಳಪು ಹೋದರೆ ಅವರು ಬರೆಯಲು ಕಾದಿದ್ದ ಆಕಾಶದ ಪ್ರತಿಬಿಂಬವೂ ಹೋಗುತ್ತಿತ್ತು.

ಊರಿನವರು ಆ ಕೊಳವನ್ನು ವಿರೋಧಿಸಿದ್ದು ನಿಜವೇ?

ನಿಜ. 1893ರಲ್ಲಿ ತೋಟದಾಚೆ, ರೈಲು ಹಳಿಯ ಇನ್ನೊಂದು ಬದಿಯಲ್ಲಿ ಜೌಗು ಜಮೀನು ಕೊಂಡ ಮೊನೆ, ಎಪ್ತ್ ನದಿಯ ರೂ ಎಂಬ ಸಣ್ಣ ಕವಲಿನಿಂದ ಕೊಳಕ್ಕೆ ನೀರು ತಿರುಗಿಸಿಕೊಳ್ಳಲು ಸರ್ಕಾರದ ಅನುಮತಿ ಕೇಳಿದರು. ಆ ಕವಲಿನಲ್ಲಿ ಬಟ್ಟೆ ಒಗೆಯುತ್ತಿದ್ದವರೂ ದನಗಳಿಗೆ ನೀರು ಕುಡಿಸುತ್ತಿದ್ದವರೂ ತಕರಾರು ತೆಗೆದರು. ಪರದೇಶದ ಗಿಡಗಳಿಂದ ನೀರು ವಿಷವಾಗುತ್ತದೆ ಎಂಬುದು ಅವರ ಭಯವಾಗಿತ್ತು. ಮೊನೆ ಸಿಡಿಮಿಡಿಗೊಂಡರು; ಅಧಿಕಾರಿಗಳಿಗೆ ಪತ್ರದ ಮೇಲೆ ಪತ್ರ ಬರೆದು ಅದೇ ವರ್ಷ ಅನುಮತಿ ಪಡೆದರು. ಜೀವನಚರಿತ್ರೆಗಳಲ್ಲಿ ಊರಿನವರನ್ನು ಸಾಮಾನ್ಯವಾಗಿ ತಿಳಿಗೇಡಿಗಳಂತೆ ಚಿತ್ರಿಸಲಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಆಯಕಟ್ಟಿನಲ್ಲಿ ಬದುಕುವ ನಮಗೆ ಹಾಗೆ ಅನ್ನುವುದು ಕಷ್ಟ. ಮೇಲಿನವರು ತೂಬು ತಿರುಗಿಸಿದರೆ ಕೆಳಗಿನವರು ಕೇಳಲೇಬೇಕಾಗುತ್ತದೆ, ಮೇಲಿನವರು ಎಷ್ಟೇ ದೊಡ್ಡ ಕಲಾವಿದರಾಗಿದ್ದರೂ.

ಕೊಳದ ಮೇಲಿನ ಬಾಗಿದ ಹಸಿರು ಸೇತುವೆ 1895ರ ಹೊತ್ತಿಗೆ ಸಿದ್ಧವಾಗಿತ್ತು. ಅದರ ಮಾದರಿ ಜಪಾನಿನ ಮರದಚ್ಚು ಚಿತ್ರಗಳಿಂದ ಬಂದದ್ದು. ಅಂಥ 231 ಅಚ್ಚುಗಳನ್ನು ಮೊನೆ ಸಂಗ್ರಹಿಸಿದ್ದರು. 1901ರಲ್ಲಿ ಇನ್ನಷ್ಟು ಜಮೀನು ಕೊಂಡು ಕೊಳವನ್ನು ಹಿಗ್ಗಿಸಿದರು.

ಅವರ ಕೊಳದಲ್ಲಿದ್ದದ್ದು ತಾವರೆಯೇ?

ಅಲ್ಲ, ನೈದಿಲೆ. ಕನ್ನಡ ಪತ್ರಿಕೆಗಳಲ್ಲಿ ‘ಮೊನೆಯ ತಾವರೆಗಳು’ ಎಂದು ಬರೆಯುವುದನ್ನು ನೋಡಿದ್ದೇನೆ, ಅದು ತಪ್ಪು. ತಾವರೆಯ ಎಲೆಯೂ ಹೂವೂ ದಂಟಿನ ಮೇಲೆ ನೀರಿನಿಂದ ಮೇಲೆದ್ದು ನಿಲ್ಲುತ್ತವೆ. ನೈದಿಲೆಯ ಎಲೆ ಒಂದು ಕಡೆ ಸೀಳಿಕೊಂಡಿದ್ದು, ನೀರಿಗೆ ಅಂಟಿದಂತೆ ತೇಲುತ್ತದೆ. ಆನೆಗೊಂದಿ ಬಳಿಯ ಪಂಪಾ ಸರೋವರದಲ್ಲಿ ತಾವರೆ ತುಂಬಿದಾಗ ನೀರೇ ಕಾಣದಂತಾಗುತ್ತದೆ. ಮೊನೆಯವರಿಗೆ ನೀರು ಕಾಣಬೇಕಾಗಿತ್ತು. ಎಲೆಗಳ ನಡುವೆ ಮೋಡ, ವಿಲೋ ಮರದ ನೆರಳು, ಸಂಜೆಯ ಕೆಂಪು ಎಲ್ಲವೂ ಬೀಳಬೇಕಾಗಿತ್ತು. ಹೀಗಾಗಿ ತೇಲುವ ಎಲೆಯ ಗಿಡವೇ ಅವರ ಕೆಲಸಕ್ಕೆ ಒದಗುತ್ತಿತ್ತು, ಅದೂ ಗುಂಪು ಮೀರಿ ಹರಡದಂತೆ ಆಗಾಗ ಕತ್ತರಿಸುತ್ತಿದ್ದರೆ ಮಾತ್ರ.

ಯುರೋಪಿನ ಚಳಿಗೆ ತಡೆಯುವ ನೈದಿಲೆ ಮೊದಲು ಬಿಳಿ ಮಾತ್ರ ಇತ್ತು. ಲಾತೂರ್ ಮಾರ್ಲಿಯಾಕ್ ಎಂಬ ಫ್ರೆಂಚ್ ಸಸ್ಯತಳಿಗಾರರು ತಳಿ ಬೆರೆಸಿ ಹಳದಿ, ಗುಲಾಬಿ, ಕೆಂಪು ನೈದಿಲೆಗಳನ್ನು ಮಾಡಿ 1889ರ ಪ್ಯಾರಿಸ್ ವಿಶ್ವ ಮೇಳದಲ್ಲಿ ತೋರಿಸಿದರು. ಮೊನೆ ತಮ್ಮ ಕೊಳಕ್ಕೆ ಗಿಡ ತರಿಸಿಕೊಂಡದ್ದು ಅವರಿಂದಲೇ. ನಮ್ಮ ಕಾವ್ಯದ ನೈದಿಲೆ ಚಂದ್ರನಿಗೆ ಅರಳುತ್ತದೆ. ಆ ತಳಿಗಳು ಹಗಲಿನಲ್ಲಿ ಅರಳಿ ಇಳಿಹೊತ್ತಿಗೆ ಮುಚ್ಚಿಕೊಳ್ಳುವಂಥವು. ಚಿತ್ರಕಾರರ ದಿನಚರಿಯೂ ಹೂವಿನ ದಿನಚರಿಗೆ ಹೊಂದಿಕೊಳ್ಳಬೇಕಾಯಿತು. ನೈದಿಲೆಯ ವಸ್ತುವಿನ ಮೇಲೆ ಅವರು ಬರೆದ ಚಿತ್ರಗಳ ಸಂಖ್ಯೆ ಸುಮಾರು 250.

ಅವರ ಕಣ್ಣಿಗೆ ಏನಾಗಿತ್ತು?

ಪೊರೆ ಬಂದಿತ್ತು. 1912ರಲ್ಲಿ ಎರಡೂ ಕಣ್ಣುಗಳಲ್ಲಿ ಪೊರೆಯಿರುವುದು ಪತ್ತೆಯಾಯಿತು. ಪೊರೆ ಬಲಿತಂತೆ ಕಣ್ಣಿನ ಮಸೂರ ಹಳದಿ ಕಂದುಬಣ್ಣಕ್ಕೆ ತಿರುಗಿ ನೀಲಿ, ನೇರಳೆ ಬೆಳಕನ್ನು ತಡೆಯುತ್ತದೆ. ಬಣ್ಣವೇ ಬದುಕಾದವರಿಗೆ ಇದಕ್ಕಿಂತ ಕ್ರೂರವಾದ ಕಾಯಿಲೆ ಇನ್ನೊಂದಿಲ್ಲ. ಅವರು ಟ್ಯೂಬಿನ ಮೇಲಿನ ಹೆಸರು ಓದಿ, ಹಲಗೆಯ ಮೇಲೆ ಬಣ್ಣಗಳನ್ನು ಯಾವಾಗಲೂ ಒಂದೇ ಕ್ರಮದಲ್ಲಿ ಇಟ್ಟುಕೊಂಡು, ನೆನಪಿನ ಬಲದಿಂದ ಬರೆಯತೊಡಗಿದರು. ಆ ವರ್ಷಗಳ ಸೇತುವೆಯ ಚಿತ್ರಗಳಲ್ಲಿ ಹಸಿರು ಸೇತುವೆ ಕೆಂಪು ಕಂದು ಬೆಂಕಿಯಂತೆ ಉರಿಯುತ್ತದೆ, ಆಕಾರವನ್ನು ಹುಡುಕಬೇಕಾಗುತ್ತದೆ.

ಶಸ್ತ್ರಚಿಕಿತ್ಸೆ ಕೆಟ್ಟರೆ ಎಂಬ ಹೆದರಿಕೆಯಿಂದ ವರ್ಷಗಟ್ಟಲೆ ಮುಂದೂಡಿದರು. ಕಡೆಗೆ ಗೆಳೆಯ ಜಾರ್ಜ್ ಕ್ಲೆಮಾಂಸೊ ಒತ್ತಾಯಿಸಿದ ಮೇಲೆ 1923ರಲ್ಲಿ ಬಲಗಣ್ಣಿಗೆ ಮಾತ್ರ ಮಾಡಿಸಿಕೊಂಡರು. ಫ್ರಾನ್ಸಿನ ಪ್ರಧಾನಮಂತ್ರಿಯಾಗಿದ್ದ ಕ್ಲೆಮಾಂಸೊ ಓದಿನಿಂದ ವೈದ್ಯರು. ಇಂದಿನಂತೆ ಒಳಗೆ ಕೃತಕ ಮಸೂರ ಕೂರಿಸುವ ಪದ್ಧತಿ ಆಗ ಇರಲಿಲ್ಲ. ತಲೆಯ ಎರಡೂ ಬದಿಗೆ ಮರಳಿನ ಚೀಲವಿಟ್ಟು ದಿನಗಟ್ಟಲೆ ಅಲುಗಾಡದೆ ಮಲಗಬೇಕಾಗಿತ್ತು, ಅದಕ್ಕೆ ಈ ಮುದುಕರು ಒಪ್ಪಲೊಲ್ಲರು. ಮೊದಲು ಎಲ್ಲವೂ ಅತಿಯಾಗಿ ಹಳದಿ, ಆಮೇಲೆ ಅತಿಯಾಗಿ ನೀಲಿ ಎಂದು ದೂರಿದರು. ಬಣ್ಣದ ಗಾಜಿನ ಕನ್ನಡಕಗಳನ್ನು ಬದಲಿಸುತ್ತ ಹೋಗಿ ಎರಡು ವರ್ಷದ ಮೇಲೆ ಒಂದು ಮಟ್ಟಿಗೆ ಹೊಂದಿಕೊಂಡರು. ಉಚಿತ ಶಿಬಿರದಲ್ಲಿ ಪೊರೆ ತೆಗೆಸಿಕೊಂಡ ನಮ್ಮ ಕಡೆಯ ಅಜ್ಜಂದಿರು “ಎಲ್ಲಾ ನೀಲಿ ನೀಲಿ ಕಾಣಾಕತ್ತೈತಿ” ಎನ್ನುವುದನ್ನು ಕೇಳಿದಾಗಲೆಲ್ಲ ನನಗೆ ಮೊನೆ ನೆನಪಾಗುತ್ತಾರೆ.

ಅವರ ಅತಿ ದೊಡ್ಡ ಕೃತಿ ಯಾವುದು?

ಪ್ಯಾರಿಸ್ಸಿನ ಒರಾಂಜರಿ ಸಂಗ್ರಹಾಲಯದ ಎರಡು ಅಂಡಾಕಾರದ ಕೋಣೆಗಳಲ್ಲಿರುವ ನೈದಿಲೆಯ ಭಿತ್ತಿಚಿತ್ರಗಳು. ಮೊದಲ ಮಹಾಯುದ್ಧ ಮುಗಿದ ಮರುದಿನ, 1918ರ ನವೆಂಬರ್ 12ರಂದು, ಕ್ಲೆಮಾಂಸೊ ಅವರಿಗೆ ಪತ್ರ ಬರೆದು ತಮ್ಮ ಚಿತ್ರಗಳನ್ನು ದೇಶಕ್ಕೆ ಕಾಣಿಕೆಯಾಗಿ ಕೊಡುವುದಾಗಿ ಮೊನೆ ತಿಳಿಸಿದರು. ಎರಡು ಚಿತ್ರಗಳಿಂದ ಆರಂಭವಾದ ಕಾಣಿಕೆ ಬೆಳೆದು 22 ಫಲಕಗಳ ಎಂಟು ಚಿತ್ರಗಳಾದವು. ಎತ್ತರ ಸುಮಾರು 2 ಮೀಟರ್, ಎಲ್ಲವನ್ನೂ ಸೇರಿಸಿದರೆ ಉದ್ದ ಸುಮಾರು 91 ಮೀಟರ್. ಪುಸ್ತಕದ ಅಂಗೈಯಗಲದ ಮುದ್ರಣದಲ್ಲಿ ಈ ಅಳತೆ ತಿಳಿಯುವುದೇ ಇಲ್ಲ. ಒಮ್ಮೆ ಮೈದಾನದಲ್ಲಿ ಹಗ್ಗ ಹಿಡಿದು 91 ಮೀಟರ್ ಅಳೆದು, ಮಕ್ಕಳನ್ನು ಅದರ ಉದ್ದಕ್ಕೂ ನಡೆಸಿದೆವು. ಆ ತುದಿ ಮುಟ್ಟಿದ ಮೇಲೆ ಯಾರೂ ಮಾತಾಡಲಿಲ್ಲ. ಈ ಚಿತ್ರಗಳಲ್ಲಿ ದಡವಿಲ್ಲ, ದಿಗಂತವಿಲ್ಲ. ನೋಡುವವರು ನೀರಿನ ನಡುವೆ ನಿಂತಂತಿರುತ್ತಾರೆ. ಮೊನೆ ಕೊನೆಯವರೆಗೂ ತಿದ್ದುತ್ತಲೇ ಇದ್ದರು, ಚಿತ್ರಗಳನ್ನು ಕೈಬಿಟ್ಟು ಕೊಡಲಿಲ್ಲ. 1926ರ ಡಿಸೆಂಬರ್ 5ರಂದು ಅವರು ತೀರಿಕೊಂಡ ಮೇಲೆ, 1927ರ ಮೇ ತಿಂಗಳಲ್ಲಿ ಆ ಕೋಣೆಗಳು ತೆರೆದವು.

ಅವರು ಬಡವರಾಗಿದ್ದರೇ, ಶ್ರೀಮಂತರೇ?

ಎರಡೂ. ಯೌವನದಲ್ಲಿ ಸಾಲಗಾರರಿಂದ ತಪ್ಪಿಸಿಕೊಂಡು ತಿರುಗಿದರು. ಕಂದಕ ತೋಡಿ ಬರೆದ ಆ ಚಿತ್ರವನ್ನು ಗೆಳೆಯ ಬಾಜೀಲ್ 2,500 ಫ್ರಾಂಕಿಗೆ ಕೊಂಡು ತಿಂಗಳಿಗೆ 50 ಫ್ರಾಂಕಿನಂತೆ ಕಂತಿನಲ್ಲಿ ಕೊಟ್ಟು ಬದುಕಿಸಿದರು. 1891ರಲ್ಲಿ ದ್ಯೂರಾಂ ರುಯೆಲ್ ಎಂಬ ವ್ಯಾಪಾರಿ ಹದಿನೈದು ಬಣವೆಗಳನ್ನು ಪ್ರದರ್ಶನಕ್ಕಿಟ್ಟಾಗ ಕೆಲವೇ ದಿನಗಳಲ್ಲಿ ಎಲ್ಲವೂ ಮಾರಾಟವಾದವು. ಆ ಸರಣಿಯ ಒಂದು ಚಿತ್ರ 2019ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 11 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ಗದ್ದೆಯ ಮಾಲೀಕರಿಗೆ ಈ ಸಂಖ್ಯೆ ಹೇಳಿದಾಗ ಅವರು ತಮ್ಮ ಬಣವೆಯನ್ನು ಹೊಸ ಕಣ್ಣಿನಿಂದ ನೋಡಿದ್ದುಂಟು.

ಅವರ ಕುಟುಂಬದ ಬಗ್ಗೆ ಹೇಳಬಹುದೇ?

ಮೊದಲ ಹೆಂಡತಿ ಕಮೀಲ್ 1879ರಲ್ಲಿ ಕಾಯಿಲೆಯಿಂದ ತೀರಿಕೊಂಡರು, ಇಬ್ಬರು ಗಂಡುಮಕ್ಕಳಿದ್ದರು. ಸಾವಿನ ಹಾಸಿಗೆಯಲ್ಲಿ ಆಕೆಯ ಮುಖದ ಮೇಲೆ ಬದಲಾಗುತ್ತಿದ್ದ ಬಣ್ಣಗಳನ್ನು ತಮಗರಿಯದೆ ಗಮನಿಸುತ್ತ ಚಿತ್ರ ಬರೆದೆನೆಂದು ಮುಂದೆ ಅವರೇ ನೋವಿನಿಂದ ಹೇಳಿಕೊಂಡಿದ್ದರು. ಆಮೇಲೆ ಬಾಳಸಂಗಾತಿಯಾದ ಅಲೀಸ್ ಅವರಿಗೆ ಆರು ಮಕ್ಕಳಿದ್ದರು. ಇಬ್ಬರೂ 1892ರಲ್ಲಿ ಮದುವೆಯಾದರು. ಅಲೀಸ್ 1911ರಲ್ಲಿ, ಹಿರಿಯ ಮಗ ಜಾಂ 1914ರಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಅವರನ್ನು ನೋಡಿಕೊಂಡವರು ಬ್ಲಾಂಶ್. ಅಲೀಸ್ ಅವರ ಮಗಳು, ಜಾಂ ಅವರ ಹೆಂಡತಿ, ಸ್ವತಃ ಚಿತ್ರಕಾರ್ತಿ.

ಕರ್ನಾಟಕದಲ್ಲಿ ಇಂಥ ಚಿತ್ರಕಾರರು ಯಾರಿದ್ದಾರೆ?

ಇಬ್ಬರ ಹೆಸರನ್ನು ಹೇಳುತ್ತೇನೆ. ಕೆ. ವೆಂಕಟಪ್ಪ (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದವರು. ಊಟಿ, ಕೊಡೈಕೆನಾಲುಗಳ ಮಂಜು, ಮೋಡಗಳನ್ನು ಜಲವರ್ಣದಲ್ಲಿ ಬರೆದರು. ಅವರ ಹೆಸರಿನ ಕಲಾ ಗ್ಯಾಲರಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿದೆ. ಸ್ವಾತಂತ್ರ್ಯ ಹೋರಾಟಗಾರರೂ ಆಗಿದ್ದ ರುಮಾಲೆ ಚನ್ನಬಸವಯ್ಯ (1910–1988) ಬೆಂಗಳೂರಿನ ಹೂಮರಗಳನ್ನು ದಟ್ಟ ಬಣ್ಣಗಳಲ್ಲಿ ಬರೆದವರು. ಮೊನೆಯವರನ್ನು ಮೆಚ್ಚುವವರು ರುಮಾಲೆಯವರನ್ನು ನೋಡಲೇಬೇಕು.

ನಮ್ಮ ಕಡೆ ಈ ರೀತಿ ಬರೆಯಲು ಹೇಗೆ ಆರಂಭಿಸಬೇಕು?

ಜಾಗ ಹುಡುಕುತ್ತ ಅಲೆಯಬಾರದು; ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಒಂದೇ ಜಾಗವನ್ನು ಹಿಡಿಯಬೇಕು. ಹಂಪಿಗೆ ಹೋಗಿ ಒಂದು ದಿನದಲ್ಲಿ ಐದು ಚಿತ್ರ ಬರೆದು ಬರುವುದಕ್ಕಿಂತ, ಮನೆ ಹಿಂದಿನ ಗದ್ದೆಯ ಬದುವನ್ನು ನಾಟಿಯ ದಿನ, ಹಸಿರು ತುಂಬಿದ ದಿನ, ತೆನೆ ಬಾಗಿದ ದಿನ, ಕೊಯ್ದ ಕೂಳೆಯ ದಿನ, ಹೀಗೆ ನಾಲ್ಕು ಸಲ ಬರೆಯುವುದು ಹೆಚ್ಚು ಕಲಿಸುತ್ತದೆ. ಹಾಳೆ ಸಣ್ಣದಿರಲಿ, ಬೆಳಕು ಬದಲಾಗುವ ಮೊದಲು ಮುಗಿಯಬೇಕು. ಅರ್ಧ ಗಂಟೆಯಾದ ಮೇಲೆ ಆ ಹಾಳೆಯನ್ನು ಮುಟ್ಟದೆ ಇನ್ನೊಂದನ್ನು ತೆಗೆದುಕೊಳ್ಳಬೇಕು. ಹಿಂದೆ ಬಿದ್ದ ನೆರಳನ್ನು ಬಿಟ್ಟು ಹೊಸ ನೆರಳನ್ನು ಅದೇ ಹಾಳೆಯಲ್ಲಿ ಸೇರಿಸುವುದು ಎಲ್ಲ ವಿದ್ಯಾರ್ಥಿಗಳೂ ಮಾಡುವ ತಪ್ಪು, ನಾನೂ ಮಾಡಿದ್ದೆ.

ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಾರ್ಚ್ ಕಳೆದ ಮೇಲೆ ವಾಟರ್ ಕಲರ್ ಹಾಳೆಯ ಮೇಲೆ ಹರಡುವ ಮೊದಲೇ ಒಣಗುತ್ತದೆ. ಬೆಳಿಗ್ಗೆ ಎಂಟೂವರೆಯೊಳಗೆ ಕೆಲಸ ಮುಗಿಸಿ, ಹಾಳೆಯ ಹಿಂಭಾಗವನ್ನೂ ಒದ್ದೆ ಮಾಡಿಕೊಂಡರೆ ಸ್ವಲ್ಪ ಹೊತ್ತು ಸಿಗುತ್ತದೆ. ಹಾಳೆಯ ಮೇಲೆ ನೇರ ಬಿಸಿಲು ಬಿದ್ದರೆ ಕಣ್ಣು ಕೋರೈಸಿ ಬಣ್ಣಗಳೆಲ್ಲ ಗಾಢವಾಗಿ ಬಿಡುತ್ತವೆ, ಆದ್ದರಿಂದ ಮೊನೆ ಬಳಸುತ್ತಿದ್ದಂಥ ದೊಡ್ಡ ಬಿಳಿ ಕೊಡೆ ಬೇಕು. ಸಂತೆಯಲ್ಲಿ ವ್ಯಾಪಾರಿಗಳು ಹಾಕುವ ಬಣ್ಣದ ಕೊಡೆ ಬೇಡ, ಅದರ ಕೆಂಪು ಹಸಿರು ಹಾಳೆಯ ಮೇಲೂ ಬೀಳುತ್ತದೆ. ನೀರು, ಟೋಪಿ ಮರೆಯಬಾರದು. ಗದ್ದೆಗೆ ಇಳಿಯುವ ಮೊದಲು ಮಾಲೀಕರನ್ನು ಕೇಳಬೇಕು.

ಈಗ ಬಣವೆಗಳೇ ಕಡಿಮೆಯಾಗಿವೆಯಲ್ಲ, ಏನು ಬರೆಯುವುದು?

ಕಟಾವು ಯಂತ್ರ ಬಂದ ಮೇಲೆ ಹುಲ್ಲು ಗದ್ದೆಯಲ್ಲೇ ಚೆಲ್ಲಿ ಉಳಿಯುತ್ತದೆ. ಕೆಲವರು ಅದನ್ನು ಸುಡುತ್ತಾರೆ, ಕೆಲವರು ಇನ್ನೊಂದು ಯಂತ್ರದಿಂದ ಪೆಂಡಿ ಕಟ್ಟಿಸುತ್ತಾರೆ. ಕಳೆದ ಸುಗ್ಗಿಯಲ್ಲಿ ನಮಗೆ ಎಂದಿನ ಗದ್ದೆಯಲ್ಲಿ ಬಣವೆ ಸಿಗಲಿಲ್ಲ. ವಿದ್ಯಾರ್ಥಿಗಳು ಪೆಂಡಿಗಳನ್ನೇ ಬರೆದರು. ಇಬ್ಬನಿ ಇದ್ದ ಆ ಬೆಳಿಗ್ಗೆ ಏಳು ಗಂಟೆಗೆ ಅವುಗಳ ನೆರಳು ಬದುವಿನವರೆಗೆ ಚಾಚಿತ್ತು, ತಿಳಿ ನೇರಳೆ ಬಣ್ಣದಲ್ಲಿ; ಎಂಟಕ್ಕೆ ಅದು ಅರ್ಧವಾಗಿ ನೀಲಿಯಾಗಿತ್ತು. ಆ ಹೊತ್ತಿಗೆ ಬಹುತೇಕ ಮಕ್ಕಳು ಎರಡನೆಯ ಹಾಳೆಗೆ ಕೈ ಹಾಕಿದ್ದರು.